ಮನೆಯೊಳಗಿನ ಏಟಿಗೆ ಸರ್ಕಾರ ಹೊಣೆಯಾದದ್ದು ಹೇಗೆ

ಠಾಣೆಯ ಲಾಕಪ್ಪಿನಲ್ಲಿ ಪೊಲೀಸರು ಒಬ್ಬನನ್ನು ಹೊಡೆದು ಕಾಲು ಮುರಿದರೆ ಅದು ಮಾನವ ಹಕ್ಕಿನ ಉಲ್ಲಂಘನೆ. ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆದು ಕಾಲು ಮುರಿದರೆ ಅದು ಸಂಸಾರದ ವಿಷಯ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದವರೆಗೂ ಅಂತರರಾಷ್ಟ್ರೀಯ ಕಾನೂನು ಹೀಗೆಯೇ ನಂಬಿತ್ತು. ಮುರಿದ ಮೂಳೆ ಒಂದೇ, ನೋವೂ ಒಂದೇ. ಆದರೆ ಹೊಡೆದ ಕೈ ಸರ್ಕಾರದ್ದೋ ಗಂಡನದ್ದೋ ಎಂಬುದನ್ನು ನೋಡಿಕೊಂಡು ಕಾನೂನು ಕಣ್ಣು ತೆರೆಯುತ್ತಿತ್ತು, ಇಲ್ಲವೇ ಮುಚ್ಚಿಕೊಳ್ಳುತ್ತಿತ್ತು.

ಜನರ ಮಾತೂ ಈ ನಂಬಿಕೆಗೆ ತಕ್ಕಂತೆಯೇ ಇತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾವು ಹೇಳುತ್ತೇವೆ. ಗಂಡ ಹೆಂಡಿರ ಜಗಳದಲ್ಲಿ ಯಾರೂ ಚಮಚ ಹಾಕಬಾರದು ಎಂದು ಬ್ರೆಜಿಲ್‌ನವರು ಹೇಳುತ್ತಾರೆ. ಉಂಡು ಮಲಗಿದವಳು ಬೆಳಿಗ್ಗೆ ಏಳದೇ ಹೋದರೆ ಏನು ಮಾಡಬೇಕೆಂದು ಎರಡು ಗಾದೆಗಳೂ ಹೇಳುವುದಿಲ್ಲ.

ಇವತ್ತು ಕಾನೂನಿನ ನಿಲುವು ಬದಲಾಗಿದೆ. ಹೆಂಡತಿಗೆ ಅಪಾಯವಿದೆ ಎಂದು ಗೊತ್ತಿದ್ದೂ ಪೊಲೀಸರು, ಸರ್ಕಾರಿ ವಕೀಲರು, ನ್ಯಾಯಾಧೀಶರು ಕೈಕಟ್ಟಿ ಕೂತರೆ ಆ ದೇಶವೇ ಮಾನವ ಹಕ್ಕುಗಳ ನ್ಯಾಯಪೀಠದ ಮುಂದೆ ಉತ್ತರ ಕೊಡಬೇಕಾಗುತ್ತದೆ. ಈ ದಾರಿಯನ್ನು ಹುಡುಕಿದವರು ಹೆಚ್ಚಿನ ಮಟ್ಟಿಗೆ ಹೆಣ್ಣುಮಕ್ಕಳೇ. ಆದರೆ ದಾರಿ ತೆರೆದ ಕೀಲಿ ಅವರಿಗೆ ಸಿಕ್ಕಿದ್ದು ಮನೆಯೊಳಗಿನ ಹಿಂಸೆಗೆ ಸಂಬಂಧವೇ ಇಲ್ಲದ ಒಂದು ತೀರ್ಪಿನಲ್ಲಿ.

ಮುಚ್ಚಿದ ಬಾಗಿಲುಗಳು

1970ರ ದಶಕದಲ್ಲಿ ಮಹಿಳಾ ಚಳವಳಿಗಳು ಮನೆಯೊಳಗಿನ ಹೊಡೆತವನ್ನು ಬೀದಿಗೆ ತಂದು ಚರ್ಚಿಸಲು ಆರಂಭಿಸಿದವು. ಅದನ್ನು ವಿಶ್ವಸಂಸ್ಥೆಯವರೆಗೆ ಒಯ್ಯಲು ಹೊರಟಾಗ ಮಾತ್ರ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. 1979ರ ಡಿಸೆಂಬರ್ 18ರಂದು ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಯ ಒಪ್ಪಂದ ಅಂಗೀಕಾರವಾಯಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಸೀಡಾ’ ಎನ್ನುತ್ತಾರೆ. ಅದರ 30 ವಿಧಿಗಳಲ್ಲಿ ಮತದಾನವಿದೆ, ಶಿಕ್ಷಣವಿದೆ, ಉದ್ಯೋಗವಿದೆ, ಬ್ಯಾಂಕ್ ಸಾಲವಿದೆ, ಹಳ್ಳಿಯ ಹೆಣ್ಣುಮಕ್ಕಳಿಗಾಗಿಯೇ ಬರೆದ ಒಂದು ವಿಧಿಯೂ ಇದೆ. ಮನೆಯಲ್ಲಿ ಬೀಳುವ ಏಟಿನ ಬಗ್ಗೆ ಒಂದು ಸಾಲೂ ಇಲ್ಲ.

1984ರಲ್ಲಿ ಚಿತ್ರಹಿಂಸೆಯ ವಿರುದ್ಧದ ಒಪ್ಪಂದ ಬಂತು. ಸರ್ಕಾರಿ ಅಧಿಕಾರಿಯ ಕೈವಾಡವೋ, ಒಪ್ಪಿಗೆಯೋ, ಕಂಡೂ ಕಾಣದಂತಿರುವ ಮೌನವೋ ಇದ್ದಾಗ ಮಾತ್ರ ಅದು ಚಿತ್ರಹಿಂಸೆ ಎಂದು ಅದರ ಮೊದಲ ವಿಧಿಯೇ ಗೆರೆ ಎಳೆಯಿತು. ಹೆಂಡತಿಯನ್ನು ಕೋಣೆಯಲ್ಲಿ ಕೂಡಿಹಾಕಿ ವರ್ಷಗಟ್ಟಲೆ ಹಿಂಸಿಸುವ ಗಂಡ ಯಾವ ಇಲಾಖೆಯ ಅಧಿಕಾರಿ? ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಒಪ್ಪಂದಗಳಿಗೆ ಸಹಿ ಹಾಕುವುದು ದೇಶಗಳು, ಮುರಿಯುವುದೂ ದೇಶಗಳೇ. ಗಂಡ ಯಾವ ಒಪ್ಪಂದಕ್ಕೂ ಸಹಿ ಹಾಕಿದವನಲ್ಲ. ವಾದ ಪ್ರತಿ ಸಲವೂ ಇಲ್ಲಿಗೇ ಬಂದು ನಿಲ್ಲುತ್ತಿತ್ತು.

ಕಾಣೆಯಾದ ವಿದ್ಯಾರ್ಥಿ

1981ರ ಸೆಪ್ಟೆಂಬರ್ 12. ಮಧ್ಯ ಅಮೆರಿಕದ ಪುಟ್ಟ ದೇಶ ಹೊಂಡುರಾಸ್. ರಾಜಧಾನಿ ತೆಗುಸಿಗಾಲ್ಪದ ಒಂದು ಪಾರ್ಕಿಂಗ್ ಜಾಗದಿಂದ ಮಾನ್‌ಫ್ರೆದೊ ವೆಲಾಸ್ಕೆಸ್ ಎಂಬ ವಿಶ್ವವಿದ್ಯಾಲಯದ ವಿದ್ಯಾರ್ಥಿಯನ್ನು ಸಾದಾ ಉಡುಪಿನ ಶಸ್ತ್ರಧಾರಿಗಳು ಎತ್ತಿಕೊಂಡು ಹೋದರು. ಅವನು ಮತ್ತೆ ಕಾಣಿಸಲಿಲ್ಲ. ಆ ವರ್ಷಗಳಲ್ಲಿ ಆ ದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿ ಹೀಗೆ ಕಾಣೆಯಾದರು. ತನಗೇನೂ ಗೊತ್ತಿಲ್ಲ, ಅವರು ತನ್ನ ಜನರಲ್ಲ ಎಂದು ಸರ್ಕಾರ ಹೇಳುತ್ತಲೇ ಇತ್ತು.

ಪ್ರಕರಣ ಕೋಸ್ಟರಿಕದ ಸಾನ್ ಹೊಸೆಯಲ್ಲಿರುವ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. ವಿಚಾರಣೆ ನಡೆಯುತ್ತಿದ್ದಾಗಲೇ, 1988ರ ಜನವರಿಯಲ್ಲಿ, ಸಾಕ್ಷಿ ಹೇಳಿದ್ದ ಒಬ್ಬರೂ ಹೇಳಬೇಕಿದ್ದ ಇನ್ನೊಬ್ಬರೂ ಕೊಲೆಯಾದರು. ಅದೇ ವರ್ಷದ ಜುಲೈ 29ರಂದು ತೀರ್ಪು ಬಂತು. ಅಪಹರಿಸಿದವರು ಸರ್ಕಾರದ ಜನವೇ ಎಂದು ನ್ಯಾಯಾಲಯ ಸಾಕ್ಷ್ಯಗಳ ಆಧಾರದ ಮೇಲೆ ಹೇಳಿತು. ಅಷ್ಟಕ್ಕೇ ನಿಂತಿದ್ದರೂ ಅದು ದೊಡ್ಡ ತೀರ್ಪೇ. ಆದರೆ 172ನೆಯ ಪ್ಯಾರಾದಲ್ಲಿ ನ್ಯಾಯಾಧೀಶರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೃತ್ಯ ಖಾಸಗಿ ವ್ಯಕ್ತಿಯದಾಗಿರಬಹುದು, ಮಾಡಿದವನು ಯಾರೆಂದೇ ಗೊತ್ತಾಗದಿರಬಹುದು. ಹಾಗಿದ್ದರೂ ಅದನ್ನು ತಡೆಯಲು, ತಡೆಯಲಾಗದಿದ್ದರೆ ತನಿಖೆ ಮಾಡಿ ಶಿಕ್ಷಿಸಲು ತಕ್ಕ ಎಚ್ಚರ ವಹಿಸದ ಸರ್ಕಾರ ಅಂತರರಾಷ್ಟ್ರೀಯವಾಗಿ ಹೊಣೆಗಾರ. ಆ ಕೃತ್ಯಕ್ಕಾಗಿ ಅಲ್ಲ, ತನ್ನ ನಿರ್ಲಕ್ಷ್ಯಕ್ಕಾಗಿ.

ಕಾನೂನಿನ ಭಾಷೆಯಲ್ಲಿ ಇದನ್ನು ‘ಡ್ಯೂ ಡಿಲಿಜೆನ್ಸ್’ ಎನ್ನುತ್ತಾರೆ. ಪರದೇಶದವರ ಪ್ರಾಣ, ಆಸ್ತಿಗೆ ಧಕ್ಕೆಯಾದಾಗ ಪರಿಹಾರ ಕೇಳಲು ದೇಶಗಳು ಮೊದಲಿನಿಂದ ಬಳಸುತ್ತಿದ್ದ ತತ್ತ್ವ ಅದು. ಸ್ವಂತ ಪ್ರಜೆಯ ಹಕ್ಕಿಗೆ ಅದನ್ನು ಈ ಬಲದೊಂದಿಗೆ ಅನ್ವಯಿಸಿದ್ದು ವೆಲಾಸ್ಕೆಸ್ ತೀರ್ಪು.

ಆ ಪ್ಯಾರಾ ಓದಿದ ಮಹಿಳಾ ವಕೀಲರಿಗೆ ಅದರ ಒಳಗುಟ್ಟು ಬೇಗ ಹೊಳೆಯಿತು. ಸಾದಾ ಉಡುಪಿನ ಅಪರಿಚಿತ ಅಪಹರಣಕಾರ ಇರುವ ಜಾಗದಲ್ಲಿ ಗಂಡನನ್ನು ಇಟ್ಟು ಓದಿದರೂ ವಾದ ಹಾಗೆಯೇ ನಿಲ್ಲುತ್ತದೆ. ಆತನ ಕೃತ್ಯಕ್ಕೆ ಸರ್ಕಾರ ಕಾರಣವಲ್ಲದಿರಬಹುದು. ಆದರೆ ಅವಳು ಹತ್ತು ಸಲ ದೂರು ಕೊಟ್ಟಾಗಲೂ ಸುಮ್ಮನೆ ಕೂತದ್ದು ಯಾರು? ರಾಜಿ ಮಾಡಿಸಿ ಅದೇ ಮನೆಗೆ ಕಳಿಸಿದ್ದು ಯಾರು? ಕಡತವನ್ನು ಕಪಾಟಿಗೆ ಸೇರಿಸಿದ್ದು ಯಾರು? ಅಲ್ಲಿರುವ ಕೈ ಸರ್ಕಾರದ್ದೇ. ಅಷ್ಟು ವರ್ಷ ಗಂಡನ ಕೈಯನ್ನೇ ನೋಡುತ್ತಿದ್ದ ವಾದ ಆಗ ಸುಮ್ಮನಿದ್ದ ಇನ್ನೊಂದು ಕೈಯ ಕಡೆ ತಿರುಗಿತು. ಈ ಕತೆಯ ನಿಜವಾದ ಆವಿಷ್ಕಾರ ಇದೇ.

ಇನ್ನೂ ಎರಡು ಎಳೆಗಳು ಇದಕ್ಕೆ ಸೇರಿದವು. ಅಮೆರಿಕದ ಷಾರ್ಲೆಟ್ ಬಂಚ್ 1990ರಲ್ಲಿ ಬರೆದ ಲೇಖನವೊಂದರಲ್ಲಿ ಮಹಿಳೆಯರ ಹಕ್ಕುಗಳನ್ನು ಮಾನವ ಹಕ್ಕುಗಳ ಪಟ್ಟಿಯ ಹೊರಗಿಟ್ಟಿರುವುದೇ ಮೂಲ ದೋಷ ಎಂದರು. ರೋಂಡ ಕೋಪೆಲನ್ ಎಂಬ ಕಾನೂನು ಪ್ರಾಧ್ಯಾಪಕಿ ಕೈದಿಗೆ ಕೊಡುವ ಚಿತ್ರಹಿಂಸೆಯನ್ನೂ ಮನೆಯೊಳಗಿನ ಹಿಂಸೆಯನ್ನೂ ಅಕ್ಕಪಕ್ಕ ಇಟ್ಟು, ಹೆದರಿಸುವ, ಒಂಟಿಯಾಗಿಸುವ, ಮನಸ್ಸು ಮುರಿಯುವ ವಿಧಾನಗಳು ಎರಡರಲ್ಲೂ ಒಂದೇ ಎಂದು ತೋರಿಸಿದರು.

1992ರಲ್ಲಿ ಸೀಡಾ ಒಪ್ಪಂದದ ಪಾಲನೆಯ ಮೇಲೆ ಕಣ್ಣಿಡುವ ಸಮಿತಿಯ 23 ತಜ್ಞರು ಹತ್ತೊಂಬತ್ತನೆಯ ಸಾಮಾನ್ಯ ಶಿಫಾರಸು ಹೊರಡಿಸಿದರು. ಒಪ್ಪಂದದಲ್ಲಿ ಹಿಂಸೆಯ ಮಾತು ಇಲ್ಲದಿದ್ದರೇನು, ಹೆಣ್ಣೆಂಬ ಕಾರಣಕ್ಕೆ ನಡೆಯುವ ಹಿಂಸೆಯೇ ಒಂದು ತಾರತಮ್ಯ ಎಂದರು. ಖಾಸಗಿ ವ್ಯಕ್ತಿಗಳ ಕೃತ್ಯವನ್ನು ತಕ್ಕ ಎಚ್ಚರದಿಂದ ತಡೆಯದ, ಶಿಕ್ಷಿಸದ ದೇಶವೂ ಹೊಣೆ ಎಂದರು. ಹೊಂಡುರಾಸ್‌ನ ವಿದ್ಯಾರ್ಥಿಗಾಗಿ ಬರೆದ ಮಾತು ಹೀಗೆ ಲೋಕದ ಹೆಣ್ಣುಮಕ್ಕಳ ಒಪ್ಪಂದದೊಳಗೆ ಬಂತು.

ಮರುವರ್ಷದ ಜೂನ್‌ನಲ್ಲಿ ವಿಯೆನ್ನಾದಲ್ಲಿ ಮಾನವ ಹಕ್ಕುಗಳ ವಿಶ್ವ ಸಮ್ಮೇಳನ ನಡೆಯಿತು. ಅಲ್ಲಿ ಮಹಿಳಾ ಸಂಘಟನೆಗಳು ತಮ್ಮದೇ ನ್ಯಾಯಮಂಡಳಿ ಕೂಡಿಸಿದವು. ಬೇರೆ ಬೇರೆ ದೇಶಗಳ 33 ಮಹಿಳೆಯರು ತಾವು ಅನುಭವಿಸಿದ್ದನ್ನು ಸಾಕ್ಷಿಯಾಗಿ ಹೇಳಿದರು. 124 ದೇಶಗಳಿಂದ ಸಂಗ್ರಹಿಸಿದ ಸುಮಾರು ಐದು ಲಕ್ಷ ಸಹಿಗಳ ಮನವಿ ಸಮ್ಮೇಳನದ ಮುಂದೆ ಬಂತು. ಅದೇ ವರ್ಷದ ಡಿಸೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಮಹಿಳೆಯರ ಮೇಲಿನ ಹಿಂಸೆಯ ನಿರ್ಮೂಲನೆಯ ಘೋಷಣೆಯನ್ನು ಅಂಗೀಕರಿಸಿತು. 1994ರಲ್ಲಿ ಶ್ರೀಲಂಕಾದ ರಾಧಿಕಾ ಕುಮಾರಸ್ವಾಮಿ ಈ ವಿಷಯಕ್ಕೆ ವಿಶ್ವಸಂಸ್ಥೆಯ ಮೊದಲ ವಿಶೇಷ ವರದಿಗಾರ್ತಿಯಾದರು. ಅದೇ ವರ್ಷದ ಜೂನ್ 9ರಂದು ಅಮೆಜಾನ್ ನದಿಮುಖದ ಬೆಲೆಂ ನಗರದಲ್ಲಿ ಅಮೆರಿಕ ಖಂಡಗಳ ದೇಶಗಳು ಇನ್ನೊಂದು ಒಪ್ಪಂದ ಮಾಡಿಕೊಂಡವು. ಸಾರ್ವಜನಿಕ ಜಾಗದಲ್ಲಿರಲಿ, ಮನೆಯಲ್ಲಿರಲಿ, ಹಿಂಸೆಯಿಲ್ಲದೆ ಬದುಕುವುದು ಹೆಣ್ಣಿನ ಹಕ್ಕು ಎಂದು ಅದು ನೇರವಾಗಿ ಬರೆಯಿತು.

ಘೋಷಣೆ ಬಂತು, ಒಪ್ಪಂದ ಬಂತು. ಆದರೆ ಒಬ್ಬ ಹೆಂಗಸಿನ ನಿಜವಾದ ಕಡತದ ಮೇಲೆ ಈ ತತ್ತ್ವ ನಿಲ್ಲುತ್ತದೆಯೇ? ಆ ಪರೀಕ್ಷೆ ಬಾಕಿ ಇತ್ತು.

ಫೋರ್ಟಲೇಜದ ಔಷಧ ತಜ್ಞೆ

ಬ್ರೆಜಿಲ್‌ನ ಈಶಾನ್ಯ ಕರಾವಳಿಯ ನಗರ ಫೋರ್ಟಲೇಜ. ಅಲ್ಲಿನ ಔಷಧ ತಜ್ಞೆ ಮರಿಯಾ ದ ಪೆನ್ಹಾ ಮೂವರು ಹೆಣ್ಣುಮಕ್ಕಳ ತಾಯಿ. ಗಂಡ ಅರ್ಥಶಾಸ್ತ್ರದ ಮೇಷ್ಟ್ರು. 1983ರ ಮೇ 29ರಂದು ನಿದ್ದೆಯಲ್ಲಿದ್ದ ಆಕೆಯ ಬೆನ್ನಿಗೆ ಗುಂಡು ಬಿತ್ತು. ಕಳ್ಳರು ನುಗ್ಗಿದ್ದರು ಎಂದು ಗಂಡ ಹೇಳಿದ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಗಾಲಿಕುರ್ಚಿಯಲ್ಲಿ ಮನೆಗೆ ಬಂದವರನ್ನು ಆತ ಸ್ನಾನದ ಹೊತ್ತಿನಲ್ಲಿ ಕರೆಂಟ್ ಹೊಡೆಸಿ ಕೊಲ್ಲಲು ನೋಡಿದ. ಆಮೇಲೆ ಆಕೆ ಮಕ್ಕಳೊಂದಿಗೆ ಆ ಮನೆ ಬಿಟ್ಟು ಹೊರಬಂದರು.

ಮುಂದಿನದು ಕೋರ್ಟಿನ ಕತೆ. 1991ರಲ್ಲಿ ಮೊದಲ ವಿಚಾರಣೆ, 15 ವರ್ಷದ ಶಿಕ್ಷೆ. ಮೇಲ್ಮನವಿ ಹಾಕಿ ಆತ ಕೋರ್ಟಿನಿಂದ ನೇರ ಮನೆಗೆ ಹೋದ. 1996ರಲ್ಲಿ ಎರಡನೆಯ ವಿಚಾರಣೆ, 10 ವರ್ಷ 6 ತಿಂಗಳ ಶಿಕ್ಷೆ. ಮತ್ತೆ ಮೇಲ್ಮನವಿ, ಮತ್ತೆ ಬಿಡುಗಡೆ. ಮರಿಯಾ ಸುಮ್ಮನೆ ಕೂರಲಿಲ್ಲ. 1994ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು. 1998ರಲ್ಲಿ ಎರಡು ಮಾನವ ಹಕ್ಕು ಸಂಘಟನೆಗಳ ಜೊತೆ ಸೇರಿ ವಾಷಿಂಗ್ಟನ್‌ನಲ್ಲಿರುವ ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟರು. ದೂರು ಗಂಡನ ಮೇಲಲ್ಲ, ಬ್ರೆಜಿಲ್ ದೇಶದ ಮೇಲೆ.

ದಾರಿಯಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು, ಸ್ವಂತ ದೇಶದ ಎಲ್ಲ ಕೋರ್ಟುಗಳನ್ನು ಹತ್ತಿಳಿದ ಮೇಲಷ್ಟೇ ಅಂತರರಾಷ್ಟ್ರೀಯ ಆಯೋಗಕ್ಕೆ ಬರಬಹುದೆಂಬ ನಿಯಮ. ಇಲ್ಲಿ ಕೋರ್ಟು ಇನ್ನೂ ಮುಗಿಸಿಯೇ ಇರಲಿಲ್ಲ. ಆದರೆ ಆ ನಿಯಮದಲ್ಲೇ ಒಂದು ವಿನಾಯಿತಿಯಿದೆ: ಸಕಾರಣವಿಲ್ಲದ ವಿಳಂಬವಾದರೆ ಕಾಯಬೇಕಿಲ್ಲ. ಎರಡನೆಯದು ಕಾಲದ ತೊಡಕು. ಗುಂಡು ಹಾರಿದ್ದು 1983ರಲ್ಲಿ. ಅಮೆರಿಕನ್ ಮಾನವ ಹಕ್ಕುಗಳ ಒಪ್ಪಂದಕ್ಕೆ ಬ್ರೆಜಿಲ್ ಸೇರಿದ್ದು 1992ರಲ್ಲಿ, ಬೆಲೆಂ ಒಪ್ಪಂದಕ್ಕೆ 1995ರಲ್ಲಿ. ಸಹಿ ಹಾಕುವ ಮುಂಚಿನ ಅಪರಾಧಕ್ಕೆ ಒಪ್ಪಂದದ ಲೆಕ್ಕ ಹೇಗೆ ಕೇಳುವುದು?

ವಿಳಂಬದ ಮೇಲೆಯೇ ಮೊಕದ್ದಮೆ ಕಟ್ಟಿದ್ದರಿಂದ ಈ ಎರಡನೆಯ ತೊಡಕೂ ಬಿಡಿಸಿಕೊಂಡಿತು. ಗುಂಡು ಒಂದು ರಾತ್ರಿಯ ಘಟನೆ. ನ್ಯಾಯ ಸಿಗದಿರುವುದು ಪ್ರತಿದಿನದ ಘಟನೆ. ಒಪ್ಪಂದಕ್ಕೆ ಸೇರಿದ ದಿನವೂ ಅದು ನಡೆಯುತ್ತಿತ್ತು, ಮರುದಿನವೂ ನಡೆಯಿತು. ಹೀಗೆ ಸರ್ಕಾರದ ಸೋಮಾರಿತನದ ಒಂದೊಂದು ವರ್ಷವೂ ಮರಿಯಾ ಅವರ ಪರವಾದ ಸಾಕ್ಷ್ಯವಾಯಿತು. ಆಯೋಗದ ನೋಟಿಸುಗಳಿಗೆ ಬ್ರೆಜಿಲ್ ಉತ್ತರವನ್ನೇ ಕೊಡಲಿಲ್ಲ. ಅಲ್ಲಿಯೂ ಮೌನ.

2001ರ ಏಪ್ರಿಲ್‌ನಲ್ಲಿ ಆಯೋಗದ ಆ ವರ್ಷದ 54ನೆಯ ವರದಿ ಹೊರಬಂತು. ಗುಂಡು ಹಾರಿ 17 ವರ್ಷಗಳಾದರೂ ಅಂತಿಮ ತೀರ್ಪಿಲ್ಲ. ಇದು ಒಂದು ಮನೆಯ ದುರದೃಷ್ಟ ಮಾತ್ರವಲ್ಲ, ಹೆಂಡತಿಯ ಮೇಲಿನ ಹಿಂಸೆಯನ್ನು ಸಹಿಸಿಕೊಂಡು ಬಂದ ಇಡೀ ವ್ಯವಸ್ಥೆಯ ನಡವಳಿಕೆ ಎಂದು ಆಯೋಗ ಹೇಳಿತು. ಬೆಲೆಂ ಒಪ್ಪಂದವನ್ನು ಮನೆಯೊಳಗಿನ ಹಿಂಸೆಯ ಪ್ರಕರಣಕ್ಕೆ ಅನ್ವಯಿಸಿದ್ದು ಅದೇ ಮೊದಲು. ಪ್ರಕರಣ ಬೇಗ ಮುಗಿಸಿ, ವಿಳಂಬಕ್ಕೆ ಯಾರು ಕಾರಣ ಎಂದು ತನಿಖೆ ಮಾಡಿ, ಆಕೆಗೆ ಪರಿಹಾರ ಕೊಡಿ, ಪೊಲೀಸರಿಗೂ ನ್ಯಾಯಾಧೀಶರಿಗೂ ತರಬೇತಿ ಕೊಡಿ, ಕಾನೂನು ಬದಲಿಸಿ ಎಂದು ಶಿಫಾರಸು ಮಾಡಿತು.

2002ರ ಅಕ್ಟೋಬರ್‌ನಲ್ಲಿ ಗಂಡನ ಬಂಧನವಾಯಿತು. ಕಾಲಮಿತಿ ಮೀರಿ ಪ್ರಕರಣವೇ ಬಿದ್ದುಹೋಗಲು ಆಗ ಕೆಲವೇ ತಿಂಗಳು ಬಾಕಿ ಇದ್ದವು. 2006ರ ಆಗಸ್ಟ್ 7ರಂದು ಬ್ರೆಜಿಲ್ 11,340ನೆಯ ಸಂಖ್ಯೆಯ ಕಾನೂನು ತಂದಿತು. ಅದನ್ನು ಅಲ್ಲಿ ಎಲ್ಲರೂ ಕರೆಯುವುದು ಮರಿಯಾ ದ ಪೆನ್ಹಾ ಕಾನೂನು ಎಂದೇ. ಅದಕ್ಕೆ ಮುಂಚೆ ಹೆಂಡತಿಯನ್ನು ಹೊಡೆದವನು ಸಣ್ಣ ಅಪರಾಧಗಳ ಕೋರ್ಟಿನಲ್ಲಿ ದಿನಸಿಯ ಬುಟ್ಟಿಯೊಂದನ್ನು ದಾನ ಕೊಟ್ಟು ಮನೆಗೆ ಹೋಗಬಹುದಿತ್ತು. ಅಕ್ಕಿ, ಬೇಳೆ, ಎಣ್ಣೆಯ ಬೆಲೆಗೆ ಒಂದು ಹೆಣ್ಣಿನ ಮುಖದ ಗಾಯ ಚುಕ್ತಾ ಆಗುತ್ತಿತ್ತು. ಹೊಸ ಕಾನೂನಿನ 17ನೆಯ ವಿಧಿ ಆ ದಿನಸಿ ಬುಟ್ಟಿಯ ಶಿಕ್ಷೆಯನ್ನು ಹೆಸರು ಹಿಡಿದು ನಿಷೇಧಿಸಿತು. 2008ರಲ್ಲಿ ಮರಿಯಾ ಅವರಿಗೆ ರಾಜ್ಯ ಸರ್ಕಾರದಿಂದ ಪರಿಹಾರವೂ ಸಿಕ್ಕಿತು.

ಎಂಟು ಕಂತಿನ ದಂಡ

ಒಂದು ಕಡೆ ನಿಂತ ತತ್ತ್ವ ಬೇರೆ ಕಡೆಗೂ ಹಬ್ಬಿತು. 2005ರ ಜನವರಿಯಲ್ಲಿ ಸೀಡಾ ಸಮಿತಿ ಹಂಗೆರಿಯ ಒಬ್ಬ ತಾಯಿಯ ದೂರನ್ನು ಎತ್ತಿಹಿಡಿಯಿತು. ಆಕೆಯ ಒಂದು ಮಗುವಿಗೆ ತೀವ್ರ ಅಂಗವೈಕಲ್ಯ. ಅಂಥ ಮಗುವನ್ನು ಇಟ್ಟುಕೊಳ್ಳುವ ಸೌಕರ್ಯವಿದ್ದ ಆಶ್ರಯತಾಣ ಆ ದೇಶದಲ್ಲಿ ಇರಲಿಲ್ಲ. ಹೊಡೆಯುವವನನ್ನು ಮನೆಯಿಂದ ದೂರವಿಡುವ ರಕ್ಷಣಾ ಆದೇಶ ಎಂಬುದೂ ಅಲ್ಲಿನ ಕಾನೂನಿನಲ್ಲಿರಲಿಲ್ಲ.

ಈ ಸಾಲಿನಲ್ಲಿ ಮನಸ್ಸು ಹೆಚ್ಚು ಕಲಕುವುದು ಟರ್ಕಿಯ ಒಪುಜ್ ಪ್ರಕರಣ. ಆಗ್ನೇಯ ಟರ್ಕಿಯ ದಿಯರ್‌ಬಕಿರ್‌ನ ಒಬ್ಬ ಹೆಂಗಸು ಮತ್ತು ಆಕೆಯ ತಾಯಿ 1995ರಿಂದ ಠಾಣೆಗೆ, ಪ್ರಾಸಿಕ್ಯೂಟರ್ ಕಚೇರಿಗೆ ಅಲೆದರು. ಆ ಹೆಂಗಸಿನ ಗಂಡ ಹೊಡೆದ, ಅವರ ಮೇಲೆ ಕಾರು ಹತ್ತಿಸಿದ, ಮತ್ತೆ ಮತ್ತೆ ಕೊಲ್ಲುತ್ತೇನೆಂದ. ಬೆದರಿಕೆಗೆ ಅಂಜಿ ಅವರು ದೂರು ಹಿಂಪಡೆದಾಗಲೆಲ್ಲ ಅಧಿಕಾರಿಗಳು ಪ್ರಕರಣ ಮುಚ್ಚಿದರು. ಹತ್ತು ದಿನ ಕೆಲಸಕ್ಕಾಗದಷ್ಟು ಗಾಯವಾಗಿದ್ದರೆ ಮಾತ್ರ, ದೂರು ಇಲ್ಲದೆಯೂ ಪ್ರಕರಣ ಮುಂದುವರಿಯುತ್ತದೆ ಎಂಬುದು ಆಗ ಅಲ್ಲಿನ ಕಾನೂನಾಗಿತ್ತು. 2001ರಲ್ಲಿ ಹೆಂಡತಿಗೆ ಏಳು ಸಲ ಚೂರಿ ಹಾಕಿದ್ದಕ್ಕೆ ಆತನಿಗೆ ಸಿಕ್ಕಿದ್ದು ದಂಡ. ಅದನ್ನೂ ಎಂಟು ಕಂತುಗಳಲ್ಲಿ ಕಟ್ಟಲು ಅವಕಾಶ. ಆತ ಬಂದೂಕು, ಚೂರಿ ಹಿಡಿದು ಮನೆಯ ಸುತ್ತ ಓಡಾಡುತ್ತಾನೆ, ನನಗೇನಾದರೂ ಆದರೆ ಅವನೇ ಹೊಣೆ ಎಂದು ತಾಯಿ ಪ್ರಾಸಿಕ್ಯೂಟರ್‌ಗೆ ಬರೆದುಕೊಟ್ಟರು. ಎರಡು ವಾರ ಕಳೆಯುವ ಮೊದಲೇ, 2002ರ ಮಾರ್ಚ್ 11ರಂದು, ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿ ನೆಲೆಸಲು ಸಾಮಾನಿನೊಂದಿಗೆ ವ್ಯಾನಿನಲ್ಲಿ ಹೊರಟಿದ್ದ ಆ ತಾಯಿಯನ್ನು ಆತ ದಾರಿಯಲ್ಲಿ ತಡೆದು ಗುಂಡಿಟ್ಟು ಕೊಂದ.

2009ರ ಜೂನ್ 9ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ತೀರ್ಪು ಕೊಟ್ಟಿತು. ಬೆಲೆಂ ಒಪ್ಪಂದಕ್ಕೆ ಸರಿಯಾಗಿ 15 ವರ್ಷ ತುಂಬಿದ ದಿನ ಅದು. ದೂರು ಹಿಂಪಡೆದರೆಂಬುದು ಸರ್ಕಾರಕ್ಕೆ ನೆಪವಾಗಲಾರದು, ಅಪಾಯ ಗಂಭೀರವಾಗಿದ್ದರೆ ಅವಳ ದೂರಿಲ್ಲದೆಯೂ ಮುಂದುವರಿಯಬೇಕು ಎಂದಿತು. ಜೀವದ ಹಕ್ಕು ಮುರಿದಿದೆ, ಅಮಾನುಷ ವರ್ತನೆಯಿಂದ ರಕ್ಷಣೆ ಪಡೆಯುವ ಹಕ್ಕು ಮುರಿದಿದೆ, ಜೊತೆಗೆ ಇದು ಹೆಣ್ಣೆಂಬ ಕಾರಣಕ್ಕೆ ನಡೆದ ತಾರತಮ್ಯ ಎಂದಿತು. ಕೊನೆಯ ಮಾತನ್ನು ಆ ನ್ಯಾಯಾಲಯ ಮನೆಯೊಳಗಿನ ಹಿಂಸೆಯ ಪ್ರಕರಣದಲ್ಲಿ ಹೇಳಿದ್ದು ಅದೇ ಮೊದಲು. ಆ ತೀರ್ಪಿನ ಪುಟಗಳಲ್ಲಿ ಫೋರ್ಟಲೇಜದ ಮರಿಯಾ ಪ್ರಕರಣದ ಉಲ್ಲೇಖವಿದೆ. ಗಾಲಿಕುರ್ಚಿಯ ಮೇಲೆ ಕೂತು ಒಬ್ಬಾಕೆ ನಡೆಸಿದ ಹೋರಾಟ ಸಾಗರದಾಚೆಯ ಇನ್ನೊಬ್ಬಳ ಪರವಾಗಿ ಸಾಕ್ಷಿ ಹೇಳಿತು.

2011ರ ಮೇ ತಿಂಗಳಲ್ಲಿ ಯುರೋಪಿನ ದೇಶಗಳು ಇಸ್ತಾಂಬುಲ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಮೊದಲು ಅನುಮೋದಿಸಿದ್ದು ಟರ್ಕಿ. 2021ರ ಜುಲೈ 1ರಂದು ಅದರಿಂದ ಹೊರಗೆ ಹೋದದ್ದೂ ಟರ್ಕಿಯೇ. ಗಳಿಸಿದ್ದನ್ನು ಕಾಯದಿದ್ದರೆ ಕಳೆದುಹೋಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ನಮ್ಮ ಪಾಲಿನ ಕೀಲಿ

ಭಾರತ 1993ರಲ್ಲಿ ಸೀಡಾ ಒಪ್ಪಂದವನ್ನು ಅನುಮೋದಿಸಿತು. ಆದರೆ ಯಾವುದೇ ಸಮುದಾಯದ ಖಾಸಗಿ ವ್ಯವಹಾರದಲ್ಲಿ ಅವರ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲ ಎಂಬ ಷರತ್ತು ಇಟ್ಟುಕೊಂಡಿತು. ಹೆಣ್ಣುಮಗಳೊಬ್ಬಳು ನೇರವಾಗಿ ಆ ಸಮಿತಿಗೆ ದೂರು ಕೊಡಲು ದಾರಿ ಮಾಡುವ ಹೆಚ್ಚುವರಿ ಒಪ್ಪಂದಕ್ಕೆ ಸಹಿಯನ್ನೂ ಹಾಕಲಿಲ್ಲ. ಹಾಗಾಗಿ ಕಲಬುರಗಿಯವಳಾಗಲಿ ಕೊಡಗಿನವಳಾಗಲಿ ಹಂಗೆರಿಯ ತಾಯಿಯಂತೆ ಅಲ್ಲಿಗೆ ಹೋಗಲಾರಳು.

ಹಾಗೆಂದು ಈ ಆವಿಷ್ಕಾರ ನಮ್ಮ ಮನೆಗೆ ಬಂದೇ ಇಲ್ಲ ಎಂದಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಉದ್ದೇಶಗಳ ಹೇಳಿಕೆಯಲ್ಲೇ ಇದು ಮಾನವ ಹಕ್ಕಿನ ವಿಷಯ ಎಂದು ಬರೆದಿದೆ. ವಿಯೆನ್ನಾ ಸಮ್ಮೇಳನವನ್ನೂ ಬೀಜಿಂಗ್‌ನ ಮಹಿಳಾ ಸಮ್ಮೇಳನವನ್ನೂ ಸೀಡಾ ಸಮಿತಿಯ 1989ರ ಶಿಫಾರಸನ್ನೂ ಅದು ಹೆಸರಿಸುತ್ತದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ, ದೂರು ಬಂದಾಗ ಅವಳಿಗಿರುವ ಹಕ್ಕುಗಳನ್ನು ತಿಳಿಸುವುದು ಪೊಲೀಸರ ಕರ್ತವ್ಯ. ಕೌಟುಂಬಿಕ ಘಟನಾ ವರದಿ ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವುದು ಸಂರಕ್ಷಣಾಧಿಕಾರಿಯ ಕೆಲಸ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು. ಅಲ್ಲಿಂದ 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಯತ್ನಿಸಬೇಕು. ಕರ್ನಾಟಕದ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಅಂದರೆ ಸಿಡಿಪಿಒಗಳು. ಅಂಗನವಾಡಿಗಳ ಕೆಲಸವೂ ಅವರದೇ, ಈ ಕಡತಗಳೂ ಅವರದೇ. ಒಂದು ಕೆಲಸಕ್ಕೇ ಸಾಲದ ದಿನದಲ್ಲಿ ಎರಡನ್ನೂ ಹೇರಿ, ಕಾಯ್ದೆ ಇದೆಯಲ್ಲ ಎಂದು ಸರ್ಕಾರ ಹೇಳುವುದು ನ್ಯಾಯವಲ್ಲ. ಪೂರ್ಣಾವಧಿಯ ಸಂರಕ್ಷಣಾಧಿಕಾರಿಗಳನ್ನು ಕೊಡುವುದೂ ತಕ್ಕ ಎಚ್ಚರದ ಭಾಗವೇ.

ಈ ಕಾಯ್ದೆಯ ಎರಡು ವಿಧಿಗಳನ್ನು ಪ್ರತಿಯೊಬ್ಬ ಹೆಣ್ಣುಮಗಳೂ ಅಕ್ಕಪಕ್ಕ ಇಟ್ಟು ಓದಬೇಕು. 31ನೆಯ ವಿಧಿಯ ಪ್ರಕಾರ ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶವನ್ನು ಎದುರುದಾರ ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 33ನೆಯ ವಿಧಿಯ ಪ್ರಕಾರ ಆ ಆದೇಶದಲ್ಲಿ ವಹಿಸಿದ ಕರ್ತವ್ಯವನ್ನು ಸಂರಕ್ಷಣಾಧಿಕಾರಿ ಸಕಾರಣವಿಲ್ಲದೆ ಮಾಡದಿದ್ದರೆ ಅವರಿಗೂ ಅಷ್ಟೇ ಜೈಲು, ಅಷ್ಟೇ ದಂಡ. ಅಧಿಕಾರಿಯ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು ಎಂಬ ಅಡ್ಡಗೋಡೆ ಇದೆ, ನಿಜ. ಆದರೂ ಹೊಡೆಯುವವನಿಗೂ ಸುಮ್ಮನಿರುವವರಿಗೂ ಒಂದೇ ಶಿಕ್ಷೆ ಎಂದು ಬರೆದಿರುವ ಕಾನೂನು ನಮ್ಮಲ್ಲಿದೆ. ಅದನ್ನು ಬಳಸಬೇಕಾದವರು ನಾವು.

ಆದ್ದರಿಂದ ಠಾಣೆಗೆ ಹೋಗುವ ಅಕ್ಕತಂಗಿಯರಿಗೆ, ಅವರ ಜೊತೆ ಹೋಗುವವರಿಗೆ ಮರಿಯಾ ಅವರ ಮೊಕದ್ದಮೆ ಕಲಿಸುವ ಪಾಠ ನೇರವಾದದ್ದು. ದೂರನ್ನು ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಕೇಳಿ, ದಿನಾಂಕ ಬರೆದಿಡಿ. ನಾಳೆ ಬನ್ನಿ ಎಂದರೆ ಆ ನಾಳೆಯನ್ನೂ ಬರೆದಿಡಿ. ಅವಳ ಮೈಮೇಲಿನ ಗಾಯ ಗಂಡನ ವಿರುದ್ಧದ ಸಾಕ್ಷ್ಯ. ಆ ದಿನಾಂಕಗಳ ಪಟ್ಟಿ ಸರ್ಕಾರದ ವಿರುದ್ಧದ ಸಾಕ್ಷ್ಯ.